ಸುಣ್ಣದ ಬೊಟ್ಟಿನ ಡಬ್ಬ

ಚಿಂತಾಮಣಿಯ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಖಾಲಿ ಡಬ್ಬದ ಅಂಗಡಿ ಇಟ್ಟಿದ್ದ ದಸ್ತಗಿರನಿಗೆ ಸ್ವಂತದ್ದು ಅಂತ ಇದ್ದದ್ದು ಒಂದು ಮೂಗು. ಅಂಗಡಿ ಬಾಡಿಗೆಯದು, ಸೈಕಲ್ಲು ಭಾವಮೈದುನನದು, ತಲೆಯ ಮೇಲಿನ ಟೋಪಿ ಕೂಡ ಹಜ್‌ಗೆ ಹೋಗಿಬಂದ ನೆಂಟರು ತಂದುಕೊಟ್ಟದ್ದು. ಮೂಗು ಮಾತ್ರ ಅಪ್ಪಟ ಅವನದೇ. ಇಪ್ಪತ್ತೆರಡು ವರ್ಷ ಅವನ ಸಂಸಾರ ಆ ಮೂಗಿನ ಮೇಲೆಯೇ ನಡೆದಿತ್ತು.

ವ್ಯಾಪಾರ ಬಹಳ ಸರಳ. ಸುತ್ತಿನ ಹಳ್ಳಿಗಳಲ್ಲಿ ಟೊಮೇಟೊಗೆ, ಆಲೂಗಡ್ಡೆಗೆ, ದ್ರಾಕ್ಷಿಗೆ ಹುಳು ಬಿದ್ದರೆ ರೈತರು ಮದ್ದು ಹೊಡೆಯುತ್ತಾರೆ. ಮದ್ದು ಮುಗಿದರೆ ಡಬ್ಬವನ್ನು ಬದುವಿನ ಮೇಲೆ ಎಸೆಯುತ್ತಾರೆ. ದಸ್ತಗಿರ್ ಅದನ್ನು ಕೊಂಡು ತಂದು, ಸೋಡಾಪುಡಿ, ಬೂದಿ, ಕುದಿನೀರು ಹಾಕಿ ತಿಕ್ಕಿಸಿ, ಮೂರು ದಿನ ಬಿಸಿಲಿಗೆ ಬೋರಲು ಹಾಕುತ್ತಿದ್ದ. ಆಮೇಲೆ ತಗಡು ಕೆಲಸದ ಲಾಲ್ ಬಾಷಾ ಮೇಲ್ಭಾಗ ಕತ್ತರಿಸಿ ಗಟ್ಟಿ ಮುಚ್ಚಳ ಕೂರಿಸಿಕೊಡುತ್ತಿದ್ದ. ಗಟ್ಟಿ ತಗಡು, ತುಕ್ಕು ಹಿಡಿಯುವುದಿಲ್ಲ, ಇಲಿಗೆ ಬಗ್ಗುವುದಿಲ್ಲ. ಇನ್ನೊಂದು ಗುಣವನ್ನಂತೂ ಹೆಂಗಸರು ಬಾಯ್ತುಂಬ ಹೊಗಳುತ್ತಿದ್ದರು: ಬೆಲ್ಲ ತುಂಬಿಟ್ಟರೂ ಇರುವೆ ಹತ್ತಿರ ಸುಳಿಯುವುದಿಲ್ಲ. ಇರುವೆಗೆ ಏನು ಗೊತ್ತಿತ್ತೋ ಅದನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ದಸ್ತಗಿರನಿಗೂ ಇರಲಿಲ್ಲ, ಆ ಹೊಗಳಿಕೆಯನ್ನೇ ಅವನು ಗಿರಾಕಿಗಳ ಮುಂದೆ ಒಪ್ಪಿಸುತ್ತಿದ್ದ.

ಹಾಗಂತ ಅವನು ಮೋಸಗಾರನಲ್ಲ. ಪ್ರತಿ ಡಬ್ಬವನ್ನೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಕಾದಾಗ ಒಮ್ಮೆ, ಸಂಜೆ ತಣಿದಾಗ ಒಮ್ಮೆ ಮುಖಕ್ಕೆ ಹಿಡಿದು ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಮದ್ದಿನ ವಾಸನೆ ಒಂದು ಎಳೆಯಷ್ಟು ಸಿಕ್ಕರೂ ಆ ಡಬ್ಬ ಎಡಗಡೆಯ ರಾಶಿಗೆ, ಸೀಮೆಣ್ಣೆ ತುಂಬಿಡುವವರಿಗೆ. ಮೂರು ಸಲವೂ ಏನೂ ಸಿಗದಿದ್ದರೆ ಮುಚ್ಚಳದ ಒಳಗೆ ಬೆರಳಿನಿಂದ ಸುಣ್ಣದ ಬೊಟ್ಟಿಟ್ಟು ಬಲಗಡೆಯ ರಾಶಿಗೆ. ಅದಕ್ಕೆ ‘ತಿನ್ನೋ ಡಬ್ಬ’ ಎಂದು ಹೆಸರು. ಸಂತೆಗೆ ಬಂದ ಹೆಂಗಸರು ಮುಚ್ಚಳ ತೆಗೆದು ಬೊಟ್ಟು ಇದೆಯಾ ಅಂತ ನೋಡಿ, ಮತ್ತೇನೂ ಕೇಳದೆ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು.

ಎಂಬತ್ತೆಂಟರ ಮಳೆಗಾಲ ಜೋರಾಗಿತ್ತು. ಬಿಸಿಲು ಮೂರು ದಿನ ಎಲ್ಲಿ, ಮೂರು ಗಂಟೆ ನಿಂತರೆ ಹೆಚ್ಚು. ಡಬ್ಬಗಳು ಅಂಗಳದಲ್ಲಿ ನೆನೆಯುತ್ತ ಕೂತವು, ಗಿರಾಕಿಗಳು ಬಾಗಿಲಲ್ಲಿ ಕಾಯುತ್ತ ನಿಂತರು. ದಸ್ತಗಿರ್ ಒಂದೇ ದಿನ ಒಣಗಿಸಿ ಮೂಸಿ ನೋಡಿದ. ಏನೂ ಇಲ್ಲ. ಬಿಸಿನೀರು ಬಿಟ್ಟು ತಣ್ಣೀರಲ್ಲೇ ತೊಳೆಸಿ ಮೂಸಿ ನೋಡಿದ. ಏನೂ ಇಲ್ಲ. ಇಷ್ಟು ವರ್ಷ ಸುಮ್ಮನೆ ಸೌದೆ ಸುಟ್ಟೆನಲ್ಲ ಎಂದು ಅವನಿಗೆ ಪೇಚಾಟವಾಯಿತು. ಆ ವರ್ಷ ಎಡಗಡೆಯ ರಾಶಿ ಕರಗಿ ಹೋಯಿತು, ಬಲಗಡೆಯದು ಸೂರಿಗೆ ಮುಟ್ಟಿತು. ಅಂಥ ವ್ಯಾಪಾರ ಅವನು ಹಿಂದೆ ಕಂಡಿರಲಿಲ್ಲ.

ಬಕ್ರೀದಿನ ಮಾರನೆಯ ವಾರ ಆ ರಾಶಿಯಿಂದಲೇ ಚೆಂದದ ಆರು ಡಬ್ಬ ಆರಿಸಿ, ಲಾಲ್ ಬಾಷಾನಿಂದ ಒಂದೊಂದಕ್ಕೆ ಒಂದೊಂದು ಹೂವು ಬರೆಸಿ, ಶಿಡ್ಲಘಟ್ಟದಲ್ಲಿದ್ದ ಮಗಳು ಗೌಹರಳಿಗೆ ಕೊಟ್ಟುಬಂದ. ಮದುವೆಯಾಗಿ ವರ್ಷವಾಗಿತ್ತು, ಚೊಚ್ಚಲ ಬಸುರಿ.

ಅಕ್ಟೋಬರಿನ ಒಂದು ಮಧ್ಯಾಹ್ನ ವರಲಕ್ಷ್ಮಮ್ಮ ಅಂಗಡಿಗೆ ಬಂದಳು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆತನದ ಯಜಮಾನಿ, ಹಳೆಯ ಗಿರಾಕಿ. ಕಂಕುಳಲ್ಲಿ ಒಂದು ಡಬ್ಬ ಇತ್ತು. ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ, ಅದೇ ದಸ್ತಗಿರನಿಗೆ ಸರಿಬರಲಿಲ್ಲ. ಡಬ್ಬವನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದಳು.

“ಸಾಬರೇ, ಇದನ್ನ ಸ್ವಲ್ಪ ಮೂಸಿ ನೋಡಿ.”

ಅವನು ಪದ್ಧತಿಯಂತೆ ಕಣ್ಣು ಮುಚ್ಚಿ ಉಸಿರೆಳೆದ. ಸುಣ್ಣದ ಬೊಟ್ಟು ಇಟ್ಟಲ್ಲೇ ಇತ್ತು. “ಏನೂ ಇಲ್ವಲ್ಲಮ್ಮ. ನೀರಿನ ಬಿಂದಿಗೆ ಇದ್ದಂಗಿದೆ.”

ವರಲಕ್ಷ್ಮಮ್ಮ ಡಬ್ಬವನ್ನು ಅವನ ಕೈಯಿಂದ ತೆಗೆದುಕೊಂಡಳು. ಪಕ್ಕದ ಹಗ್ಗದ ಅಂಗಡಿಯ ಕೊಂಡಪ್ಪನನ್ನು ಕರೆದು ಅವನ ಕೈಗೂ ಡಬ್ಬ ಕೊಟ್ಟಳು. ಕೊಂಡಪ್ಪ ಮೂಗಿನವರೆಗೂ ಒಯ್ಯಲಿಲ್ಲ, ಎದೆಯ ಹತ್ತಿರಕ್ಕೆ ಬರುತ್ತಲೇ ಕತ್ತು ತಿರುಗಿಸಿಬಿಟ್ಟ.

“ಏಮಣ್ಣಾ ದಸ್ತಗಿರಣ್ಣಾ, ತಮಾಷೆ ಮಾಡ್ತೀಯಾ? ಮದ್ದು ಹೊಡೆಯೋ ಮಿಷಿನ್ನೇ ಮೂಗಿಗೆ ಇಟ್ಟಂಗಾಯ್ತು.”

ದಸ್ತಗಿರ್ ಇನ್ನೊಮ್ಮೆ ಮೂಸಿದ. ಡಬ್ಬದೊಳಗೆ ಮುಖ ತೂರಿಸಿ, ಎದೆ ನೋಯುವಷ್ಟು ಎಳೆದ. ತಂಪು ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಅದರಲ್ಲಿ ಏನೂ ಇರಲಿಲ್ಲ. ಆಗ ಅವನಿಗೆ ಹೊಳೆಯಿತು: ಅದರಲ್ಲಿ ತಗಡಿನ ವಾಸನೆಯೂ ಇರಲಿಲ್ಲ, ಸುಣ್ಣದ್ದೂ ಇರಲಿಲ್ಲ.

ವರಲಕ್ಷ್ಮಮ್ಮ ನಡೆದದ್ದನ್ನು ಒಂದೇ ಸಮನೆ ಹೇಳಿದಳು. ಎರಡನೇ ಜ್ವರ ಕಳೆದು ಪೊರೆ ಬಿಟ್ಟು ಎದ್ದ ಎಳೆ ಹುಳುಗಳು. ಕತ್ತರಿಸಿದ ಹಿಪ್ಪುನೇರಳೆ ಸೊಪ್ಪು ಬಾಡದಿರಲಿ ಎಂದು ಹೊಸ ಡಬ್ಬದಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ತಟ್ಟೆಗಳಿಗೆ ಹಾಕಿದ್ದಳು. ಗಂಟೆಯೊಳಗೆ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸತೊಡಗಿದವು, ಬಾಯಿಂದ ಹಸಿರು ನೀರು ಕಾರಿ ಅರ್ಧಕ್ಕೆ ಮುದುಡಿ ಸತ್ತವು. ತೋಟದಿಂದ ಆಗಷ್ಟೇ ತಂದ ಸೊಪ್ಪು ಹಾಕಿದ್ದ ನಾಲ್ಕು ತಟ್ಟೆ ಮಾತ್ರ ಉಳಿದಿದ್ದವು.

“ಹುಳ ಹೋಯ್ತು, ಹೋಗ್ಲಿ. ಈ ಡಬ್ಬಕ್ಕೆ ನಮ್ಮ ಮೊಮ್ಮಗೂದು ರಾಗಿ ಸರಿ ಹಾಕಿಡ್ಬೇಕು ಅಂತ ತಗೊಂಡಿದ್ದೆ ಸಾಬರೇ. ಆವತ್ತು ಸೊಪ್ಪು ಬಾಡ್ತಾ ಇತ್ತು, ಅದಕ್ಕೆ ಸೊಪ್ಪು ಹಾಕ್ದೆ.”

ಅಷ್ಟು ಹೇಳಿ ಅವಳು ಬಸ್ಸಿಗೆ ಹೊರಟುಹೋದಳು. ಡಬ್ಬ ಅಲ್ಲೇ ಉಳಿಯಿತು.

ದಸ್ತಗಿರ್ ಅಂಗಡಿ ಮುಚ್ಚಿ ಮನೆಗೆ ಬಂದ. ಹೆಂಡತಿ ಶಹರ್ ಬಾನುವಿಗೆ ಏನೂ ಹೇಳದೆ ಅಡುಗೆಮನೆಯ ಒಂದೊಂದೇ ಭರಣಿ ಬಿಚ್ಚಿ ಮೂಸಿದ. ಲವಂಗ, ಇಂಗು, ಬೆಳ್ಳುಳ್ಳಿ, ಕೊನೆಗೆ ಸೀಮೆಣ್ಣೆ ಬಾಟಲು. ಒಣಮೆಣಸಿನಕಾಯಿ ಕೆಂಡಕ್ಕೆ ಹಾಕಿಸಿದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಯಾವಾಗ ಹೋಯಿತು ಎಂಬುದೇ ತಿಳಿಯದು. ಕಾಲು ಮುರಿದರೆ ದಿನ ನೆನಪಿರುತ್ತದೆ, ಮೂಗು ಹೇಳದೆ ಕೇಳದೆ ಹೋಗಿತ್ತು. ಬಕ್ರೀದಿಗೆ ಬಿರಿಯಾನಿ ಗಮ್ಮೆನ್ನಲಿಲ್ಲ ಎಂದು ಅಕ್ಕಿ ಅಂಗಡಿಯವನ ಜೊತೆ ಜಗಳವಾಡಿ ಬಂದಿದ್ದು ನೆನಪಾಯಿತು. ಹಾಗಾದರೆ ಆಗಲೇ ಹೋಗಿತ್ತು.

ವಿಷಯ ಕೇಳಿ ಶಹರ್ ಬಾನು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನೀವು ಅಡುಗೆ ಚೆನ್ನಾಗಿದೆ ಅನ್ನೋದು ಬಿಟ್ಟು ವರ್ಷಕ್ಕೆ ಹತ್ರ ಆಯ್ತು. ನನ್ನ ಮೇಲೇನೋ ಕೋಪ ಅಂದ್ಕೊಂಡು ಸುಮ್ಮನಿದ್ದೆ.”

ಒಂದು ವರ್ಷ. ಬಕ್ರೀದಿನ ಮಾರನೆಯ ವಾರ ಕೊಟ್ಟ ಹೂವಿನ ಡಬ್ಬಗಳು ದಸ್ತಗಿರನ ಕಣ್ಣ ಮುಂದೆ ಬಂದವು. ಗೌಹರಳಿಗೆ ತಲೆನೋವು, ಬಾಯಲ್ಲಿ ಸದಾ ಜೊಲ್ಲು, ಕೂತಲ್ಲೇ ಬೆವರುತ್ತಾಳೆ, ಸೂಜಿಗೆ ದಾರ ಪೋಣಿಸಲು ಕಣ್ಣು ಹಿಡಿಯುವುದಿಲ್ಲ ಎಂದು ಹದಿನೈದು ದಿನದ ಹಿಂದೆ ಹೇಳಿಕಳಿಸಿದ್ದರು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಎರಡೂ ಕಡೆಯ ಹೆಂಗಸರು ತೀರ್ಮಾನ ಮಾಡಿದ್ದರು. ಏಳು ತಿಂಗಳು ತುಂಬಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಶಿಡ್ಲಘಟ್ಟಕ್ಕೆ ಹೋದ.

ಬೀಗರದು ರೇಷ್ಮೆ ನೂಲು ಬಿಚ್ಚುವ ಮನೆ. ಮುಂದಿನ ಚಪ್ಪರದಲ್ಲಿ ಗೂಡು ಬೇಯುತ್ತಿರುತ್ತದೆ, ಅಳಿಯ ಅಮಾನುಲ್ಲಾ ಚರಕದ ಮುಂದೆ ಕೂತಿರುತ್ತಾನೆ, ಹಿಂದುಗಡೆ ಬೆಂದು ಸತ್ತ ಹುಳುವಿನ ಗುಡ್ಡೆ ಕೊಳೆಯುತ್ತಿರುತ್ತದೆ. ಹೊಸಬರು ಆ ಬೀದಿಗೆ ಬಂದರೆ ಮೂಗು ಮುಚ್ಚಿಕೊಂಡೇ ಮನೆ ವಿಳಾಸ ಕೇಳುತ್ತಾರೆ. ಡಬ್ಬದಲ್ಲಿ ಮದ್ದಿನ ವಾಸನೆ ಇದ್ದರೂ ಆ ಮನೆಯಲ್ಲಿ ಅದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ದಸ್ತಗಿರನಿಗೆ ಇದು ಹೊಸ್ತಿಲು ದಾಟುವಾಗ ಅರ್ಥವಾಯಿತು. ಮೂಗಿಲ್ಲದ ಅಪ್ಪ, ಮೂಗು ಕೆಲಸ ಮಾಡದ ಮನೆಗೆ ಮಗಳನ್ನು ಕೊಟ್ಟಿದ್ದ.

ಗೌಹರ್ ಗೋಡೆಗೊರಗಿ ಕೂತಿದ್ದಳು. ಅಪ್ಪನನ್ನು ಕಂಡು ನಕ್ಕಳು, ಏಳಲು ಹೋಗಿ ಮತ್ತೆ ಕೂತಳು. ಅವಳ ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟು ಚಿಕ್ಕವಾಗಿದ್ದವು. ಬಾಗಿಲ ಬೆಳಕಿಗೆ ಎದುರಾಗಿ ಕೂತಿದ್ದಾಳೆ, ಅದಕ್ಕೆ ಹಾಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಇಲ್ಲಿ ಅವನು ನಿಜ ಹೇಳಿಬಿಡಬೇಕಿತ್ತು. ಆದರೆ ಬೀಗಿತಿ ವಜೀರುನ್ನೀಸಾ ಎದುರಿಗೆ ನಿಂತಿದ್ದಳು. ನಿಮ್ಮ ಮನೆಗೆ ನಾನು ವಿಷದ ಡಬ್ಬ ಕೊಟ್ಟಿದ್ದೇನೆ ಎಂದರೆ ನಾಳೆಯಿಂದ ಈ ಮನೆಯಲ್ಲಿ ಮಗಳ ಗತಿ ಏನು? ನಿಜವಾಗಿ ವಿಷ ಇದೆಯೋ ಇಲ್ಲವೋ ಮೊದಲು ನೋಡೋಣ, ಇಲ್ಲದಿದ್ದರೆ ಹೇಳುವ ಅಗತ್ಯವೇ ಇಲ್ಲವಲ್ಲ ಎಂದು ವ್ಯಾಪಾರದ ಬುದ್ಧಿ ಓಡಿತು. ಹೂವಿನ ಬಣ್ಣ ಕಳಪೆಯದಂತೆ, ಏಳುತ್ತದಂತೆ, ಬೇರೆ ಹೊಡೆಸಿಕೊಡುತ್ತೇನೆ ಎಂದು ಸುಳ್ಳು ಹೇಳಿದ.

ವಜೀರುನ್ನೀಸಾ ಡಬ್ಬಗಳತ್ತ ನೋಡಿದಳು. ಬಣ್ಣ ಎಲ್ಲೂ ಎದ್ದಿರಲಿಲ್ಲ. “ಹೆಣ್ಣು ಕೊಟ್ಟೋರು ಡಬ್ಬ ವಾಪಸ್ ತಗೊಂಡು ಹೋಗೋದು ನಾನು ಈಗಲೇ ನೋಡ್ತಿರೋದು. ಆಯ್ತು ಭಾಯ್, ಮಗಳನ್ನ ಮಾತ್ರ ಇಲ್ಲೇ ಬಿಟ್ಟುಹೋಗಿ.”

ಹಾಗೆ ಕುಟುಕುತ್ತಲೇ ಒಂದೊಂದು ಡಬ್ಬದಲ್ಲಿದ್ದದ್ದನ್ನು ಮಡಕೆ, ಪಾತ್ರೆಗಳಿಗೆ ಸುರಿದಳು. ತೊಗರಿಬೇಳೆ, ಅಕ್ಕಿಹಿಟ್ಟು, ಶ್ಯಾವಿಗೆ. ಗುಲಾಬಿ ಹೂವಿನ ಡಬ್ಬ ತಗ್ಗಿಸುವಾಗ ಅವಳ ದನಿ ಮೆತ್ತಗಾಯಿತು. ಅದರಲ್ಲಿ ತುಪ್ಪದಲ್ಲಿ ಹುರಿದ ಗೋಧಿಹಿಟ್ಟಿಗೆ ಬಾದಾಮಿ, ಅಂಟು ಹಾಕಿ ಮಾಡಿದ ಪುಡಿ. ಬಿಸಿಬಿಸಿಯಾಗಿದ್ದಾಗಲೇ ತುಂಬಿಟ್ಟರೆ ಕೆಡುವುದಿಲ್ಲವಂತೆ. ಸೊಸೆಗೆಂದೇ ತಾನು ಮಾಡಿದ್ದು, ದಿನಾ ಸಂಜೆ ನಾಲ್ಕಕ್ಕೆ ಹಾಲಿಗೆ ಕಲಸಿ ಕೊಡುತ್ತೇನೆ, ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ ಎಂದಳು. ದಸ್ತಗಿರ್ ತಲೆಯಾಡಿಸಿದ. ಖಾಲಿ ಡಬ್ಬಗಳನ್ನು ಬಾಡಿಗೆ ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟಿ ಹೊರಟ.

ಯಾರ ಹುಳುಗಳನ್ನು ಕೊಂದಿದ್ದನೋ ಅವಳ ಮನೆ ಬಾಗಿಲಿಗೇ ಹೋಗಿ ನಿಂತ. ಬೇರೆ ದಾರಿ ಅವನಿಗೆ ತೋಚಲಿಲ್ಲ. ತನ್ನ ಮೂಗು ಸತ್ತಿದೆ, ಬೀಗರ ಮನೆಯದು ನಂಬಿಕೆಗೆ ಬಾರದು. ಇನ್ನು ಊರಿನಲ್ಲಿ ಸುಳ್ಳು ಹೇಳದೆ ಉಳಿದಿರುವುದು ವರಲಕ್ಷ್ಮಮ್ಮನ ಹುಳು ಮಾತ್ರ. ಅವಳು ಜಗಲಿಯ ಮೇಲೆ ಸೊಪ್ಪು ಕತ್ತರಿಸುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ, ಕುಡುಗೋಲು ಕೆಳಗಿಟ್ಟಳು.

“ಎಷ್ಟು ತಿಂಗಳು?”

“ಏಳು.”

ಅವಳು ಒಳಗೆ ಹೋಗಿ ಏಳು ಮೊರ ತಂದು ಸಾಲಾಗಿ ಇಟ್ಟಳು. ಡಬ್ಬ ಆರೇ ಅಲ್ಲವೇ ಎಂದು ದಸ್ತಗಿರ್ ಕೇಳಿದ.

“ಒಂದಕ್ಕೆ ಬರೀ ತೋಟದ ಸೊಪ್ಪು ಹಾಕಣ. ಇಲ್ದಿದ್ರೆ ನಿಮ್ಮ ಹುಳಾನೇ ಸರಿಯಿಲ್ಲ ಕಣಮ್ಮ ಅಂದ್ಬಿಡ್ತೀರಿ. ವ್ಯಾಪಾರದೋರು ನೀವು.”

ಪ್ರತಿ ಡಬ್ಬದ ಒಳಮೈಗೆ, ತಳದ ಮಡಿಕೆಗಳಿಗೆ ಎಲೆಗಳನ್ನು ತಿಕ್ಕಿ, ಮುಚ್ಚಳ ಹಾಕಿ ಬಿಸಿಲಿಗಿಟ್ಟರು. ಒಂದು ಗಂಟೆ ಬಿಟ್ಟು ತೆಗೆದು, ಮೊರಗಳಿಗೆ ಹರವಿ, ಒಂದೊಂದಕ್ಕೆ ಹತ್ತು ಹತ್ತು ಹುಳು ಬಿಟ್ಟಳು. ಮೊರದ ಪಕ್ಕದಲ್ಲಿ ಅದರದರ ಡಬ್ಬ: ಮಲ್ಲಿಗೆ, ಸೇವಂತಿಗೆ, ಕನಕಾಂಬರ, ದಾಸವಾಳ, ತಾವರೆ, ಗುಲಾಬಿ. ಕೊನೆಯದಕ್ಕೆ ಹೂವಿಲ್ಲ.

ಹುಳು ಎಲೆ ತಿನ್ನುವ ಸದ್ದು ಸಣ್ಣ ಹನಿ ಬಿದ್ದ ಹಾಗೆ ಕೇಳುತ್ತದೆ. ದಸ್ತಗಿರ್ ಕುಕ್ಕುರುಗಾಲಿನಲ್ಲಿ ಕೂತು ಅದನ್ನೇ ಆಲಿಸಿದ. ಜೀವನದಲ್ಲಿ ಎಷ್ಟೋ ಗಿರಾಕಿಗಳ ಎದುರು ಕೂತಿದ್ದ, ಇಷ್ಟು ಹೆದರಿಕೊಂಡು ಯಾರ ಮುಖವನ್ನೂ ನೋಡಿರಲಿಲ್ಲ. ಮಲ್ಲಿಗೆಯ ಹುಳು ತಿಂದವು. ತಾವರೆಯ ಹುಳು ತಿಂದವು. ಎಲ್ಲವೂ ತಿನ್ನುತ್ತಿವೆ, ಎಲ್ಲವೂ ಸರಿಯಿದೆ ಎಂದು ಉಸಿರು ಬಿಡುವಷ್ಟರಲ್ಲಿ ಗುಲಾಬಿಯ ಮೊರದಲ್ಲಿ ಒಂದು ಹುಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿತು. ಯಾರನ್ನೋ ಹುಡುಕುವ ಹಾಗೆ ಅತ್ತ ಇತ್ತ ಆಡಿಸಿತು. ಪಕ್ಕದ್ದೂ ಎತ್ತಿತು. ಬಾಯಿಂದ ಹಸಿರು ಹನಿ ಇಳಿಯಿತು. ಉಳಿದ ಆರು ಮೊರಗಳಲ್ಲಿ ಸಣ್ಣ ಹನಿಯ ಸದ್ದು ಹಾಗೇ ನಡೆದಿತ್ತು.

“ಗುಲಾಬಿ ಡಬ್ಬದಲ್ಲಿ ಏನಿತ್ತು ಸಾಬರೇ?”

ಬಿಸಿ ಹಿಟ್ಟು, ತುಪ್ಪ, ತಳದ ಮಡಿಕೆಯಲ್ಲಿ ಉಳಿದ ಮದ್ದು. ಡಬ್ಬವನ್ನೇನೋ ತಂದಿದ್ದಾನೆ. ಅದರೊಳಗಿನ ಪುಡಿಯನ್ನು, ತನ್ನ ಕಣ್ಣೆದುರೇ, ವಜೀರುನ್ನೀಸಾ ಪಾತ್ರೆಗೆ ಸುರಿದಿಟ್ಟಿದ್ದಾಳೆ. ಬಣ್ಣ ಏಳುತ್ತದೆ ಎಂದು ಹೇಳಿ ಬಂದವನು ತಾನು. ಪುಡಿ ತಿನ್ನಬೇಡ ಎಂದು ಹೇಳಿ ಬರಲಿಲ್ಲ.

“ಗಂಟೆ ಎಷ್ಟಮ್ಮ?”

ಮೂರೂವರೆ ದಾಟಿತ್ತು.

ಆ ಎರಡು ಮೈಲಿಯನ್ನು ಅವನು ಹೇಗೆ ತುಳಿದನೋ ಅವನಿಗೇ ಆಮೇಲೆ ನೆನಪಿರಲಿಲ್ಲ. ಕೆರೆ ಏರಿಯ ಮೇಲೆ ಎದುರುಗಾಳಿ ಇತ್ತು ಎಂಬುದಷ್ಟೇ ನೆನಪು. ಬೀಗರ ಮನೆಯೊಳಗೆ ಚಪ್ಪಲಿ ಬಿಡದೆ ನುಗ್ಗಿದಾಗ ಗೌಹರ್ ಬಟ್ಟಲಿನ ತಳವನ್ನು ಚಮಚದಿಂದ ಕೆರೆಯುತ್ತಿದ್ದಳು.

ಅವನು ಬಟ್ಟಲು ಕಿತ್ತುಕೊಂಡು ಅಲ್ಲೇ ಕುಸಿದು ಕೂತ. ಬೆಳಿಗ್ಗೆ ಹೇಳದೆ ಬಿಟ್ಟದ್ದನ್ನೆಲ್ಲ ಈಗ ಹೇಳಿದ. ಮೂಗು, ಮಳೆಗಾಲ, ತಣ್ಣೀರು, ಬಣ್ಣದ ಸುಳ್ಳು, ಹುಳುವಿನ ತಲೆ. ಚರಕದ ಸದ್ದು ನಿಂತಿತು. ಬೀಗಿತಿ ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ, ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

“ಬೇಡ ಅಂತಿದ್ಲು. ವಾಕರಿಕೆ ಬರುತ್ತೆ ಅಮ್ಮಿ, ಬೇಡ ಅಂತಿದ್ಲು. ಮಗೂಗೆ ಒಳ್ಳೇದು ಅಂತ ಬಲವಂತ ಮಾಡಿ ತಿನ್ನಿಸ್ತಿದ್ದೆ.”

ಗೂಡು ತರುವ ಜೀಪಿನಲ್ಲಿ ಅಮಾನುಲ್ಲಾ ಹೆಂಡತಿಯನ್ನು ಮಲಗಿಸಿಕೊಂಡ. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ದುಪಟ್ಟಾ ಬೆವರಿಗೆ ತೊಯ್ದಿತ್ತು, ತುಟಿಯ ಅಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ಡಾಕ್ಟರು ಟಾರ್ಚು ಹಿಡಿದು ಅವಳ ಕಣ್ಣು ನೋಡಿ, ಮದ್ದು ಹೊಡೆಯುವ ಕೂಲಿಯವರಲ್ಲಿ ಇಂಥ ಕಣ್ಣು ವಾರಕ್ಕೊಂದು ನೋಡುತ್ತೇನೆ, ಬಸುರಿಯಲ್ಲಿ ಈಗಲೇ ನೋಡುತ್ತಿರುವುದು ಎಂದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಪಾಪೆ ಅಗಲವಾಯಿತು. ಮಗು ಹೇಗಿದೆ ಎಂದು ದಸ್ತಗಿರ್ ಕೇಳಿದ್ದಕ್ಕೆ, ಎದೆಬಡಿತ ಇದೆ, ಉಳಿದದ್ದು ಹುಟ್ಟಿದ ಮೇಲೆ ನೋಡೋಣ ಎಂದರು. ಉಳಿದದ್ದು ಎಂದರೇನು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಆಮೇಲಿನ ಎರಡು ತಿಂಗಳು ಅವನು ಅಂಗಡಿ ತೆರೆಯಲಿಲ್ಲ. ಮದ್ದು ಕಾಣದ ಹೊಸ ಡಬ್ಬಗಳನ್ನು ಕೊಂಡು ಸೈಕಲ್ಲಿಗೆ ಕಟ್ಟಿಕೊಂಡು, ಸುಣ್ಣದ ಬೊಟ್ಟು ಹುಡುಕುತ್ತ ಮನೆಮನೆ ತಿರುಗಿದ. ಯಾರಿಗೆ ಮಾರಿದ್ದೇನೆಂದು ಬರೆದಿಟ್ಟವನಲ್ಲ; ಮುಖ ನೆನಪಿದ್ದರೆ ಊರು ನೆನಪಿಲ್ಲ, ಊರು ನೆನಪಿದ್ದರೆ ಮನೆ ಗೊತ್ತಿಲ್ಲ. ನಗರಗೆರೆಯವರೆಗೂ ಹೋದ. ಅಲ್ಲಿ ಕದಿರಮ್ಮ ಎಂಬ ಮುದುಕಿ ಡಬ್ಬ ಬಿಟ್ಟುಕೊಡಲು ಸುತರಾಂ ಒಪ್ಪಲಿಲ್ಲ. ಇಷ್ಟು ಒಳ್ಳೆಯ ಹೊಸ ಡಬ್ಬ ಕೊಟ್ಟು ಹಳೆಯದು ಕೇಳುತ್ತಾನೆಂದರೆ ಅದರ ತಳದಲ್ಲಿ ಏನೋ ಬೆಲೆಬಾಳುವುದು ಇರಬೇಕು ಎಂದು ಅವಳ ಲೆಕ್ಕ.

“ಹೋಗಪ್ಪಾ ಹೋಗು. ಇರುವೆ ಕೂಡ ಬರಲ್ಲ ಅಂತ ನೀನೇ ಹೇಳಿ ಮಾರಿದ್ದು.”

ಅವನು ಅವಳ ಕಾಲು ಮುಟ್ಟಿದ ಮೇಲೆ ಕೊಟ್ಟಳು. ಹೀಗೆ ನಲವತ್ತರ ಮೇಲೆ ಡಬ್ಬ ವಾಪಸ್ ಬಂದವು. ಎಲ್ಲವನ್ನೂ ಲಾಲ್ ಬಾಷಾನ ಸುತ್ತಿಗೆಯಿಂದ ಚಪ್ಪಟೆ ಮಾಡಿಸಿ, ಊರಾಚೆ ಆಳದ ಗುಂಡಿ ತೋಡಿಸಿ ಹೂಳಿಸಿದ. ಎಷ್ಟು ಮಾರಿದ್ದ ಎಂಬುದೇ ಗೊತ್ತಿಲ್ಲದ್ದರಿಂದ ಇನ್ನೆಷ್ಟು ಉಳಿದಿವೆ ಎಂಬುದೂ ಗೊತ್ತಿಲ್ಲ. ಯಾವುದಾದರೂ ಹಳ್ಳಿಯಿಂದ ಮಗು ಸತ್ತ ಸುದ್ದಿ ಸಂತೆಗೆ ಬಂದರೆ, ಏನು ಕಾಯಿಲೆ ಎಂದು ಎಲ್ಲರಿಗಿಂತ ಮೊದಲು ಕೇಳುವವನು ಅವನಾದ.

ಡಿಸೆಂಬರಿನಲ್ಲಿ ಗೌಹರ್ ಹೆಣ್ಣು ಹಡೆದಳು. ಸಣ್ಣ ಮಗು, ಅಳು ಮಾತ್ರ ಜೋರು. ನಲವತ್ತನೆಯ ದಿನದ ನೀರು ಹಾಕುವ ಶಾಸ್ತ್ರಕ್ಕೆ ದಸ್ತಗಿರ್, ಶಹರ್ ಬಾನು ಶಿಡ್ಲಘಟ್ಟಕ್ಕೆ ಹೋದರು. ವರಲಕ್ಷ್ಮಮ್ಮನೂ ಒಂದು ಬುಟ್ಟಿ ಗೂಡಿನ ಜೊತೆ ಬಂದಿದ್ದಳು. ಹೆಂಗಸರೆಲ್ಲ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತ, ನೆತ್ತಿ ಮೂಸುತ್ತ, ಎಂಥ ಪರಿಮಳ ಎನ್ನುತ್ತಿದ್ದರು. ದಸ್ತಗಿರನ ಕೈಗೆ ಬಂದಾಗ ಅವನು ಮೊದಲು ಮಗುವನ್ನು ಕಿಟಕಿಯ ಹತ್ತಿರ ಒಯ್ದು ಪಾಪೆ ನೋಡಿದ. ಆಮೇಲೆ ಹಳೆಯ ಪದ್ಧತಿಯಂತೆ ಕಣ್ಣು ಮುಚ್ಚಿ, ಮೂಗನ್ನು ನೆತ್ತಿಗೆ ಒತ್ತಿ, ನಿಧಾನವಾಗಿ ಉಸಿರೆಳೆದ. ಬೆಚ್ಚಗಿನ ಗಾಳಿ ಒಳಗೆ ಹೋಯಿತು, ಹೊರಗೆ ಬಂತು.

ಅವನು ಮಗುವನ್ನು ಗೌಹರಳ ಮುಂದೆ ಹಿಡಿದ. “ಏನು ವಾಸನೆ, ಹೇಳು.”

“ಹಾಲಿನ ವಾಸನೆ ಅಬ್ಬಾ.”

“ಬೇರೆ?”

“ಬೇರೇನೂ ಇಲ್ಲ. ಬರೀ ಹಾಲು.”

ಅವನು ತಲೆಯಾಡಿಸಿದ. ಮಗುವನ್ನು ಶಹರ್ ಬಾನುವಿನ ಹತ್ತಿರ ಒಯ್ದು ಮೂಸಿಸಿದ. ಅಳಿಯನ ಹತ್ತಿರ ಒಯ್ದ. ಬೀಗಿತಿ ತಾನಾಗಿಯೇ ಬಗ್ಗಿ ಮೂಸಿ, ಹಾಲೇ ಭಾಯ್ ಎಂದಳು. ಆದರೂ ಸಾಲದೆ, ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದು, ವರಲಕ್ಷ್ಮಮ್ಮನ ಮುಂದೆ ಹಿಡಿದು ನಿಂತ.